‘ದ’ ಹೋಗಿ ‘ರ’ ಬಂದ ಓಣಿ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೂಲೆಯ ಔಷಧಿ ಅಂಗಡಿಯ ಗೋಡೆಗೆ ಒಂದು ಮರದ ಏಣಿ ಒರಗಿಕೊಂಡಿದೆ. ಅದರ ಎಂಟನೇ ಮೆಟ್ಟಿಲ ಮೇಲೆ ಅರವತ್ತು ವರ್ಷದ ಹೆಂಗಸೊಬ್ಬರು ಹಲ್ಲಿನಲ್ಲಿ ಒಂದು ಕುಂಚ ಕಚ್ಚಿಕೊಂಡು, ಕೈಯಲ್ಲಿ ಇನ್ನೊಂದು ಹಿಡಿದು, ನೀಲಿ ತಗಡಿನ ಮೇಲೆ ಬಿಳಿ ಅಕ್ಷರದ ಕೊನೆಯ ಗೆರೆ ಎಳೆಯುತ್ತಿದ್ದಾರೆ. ಕೆಳಗೆ ಅವರ ಗಂಡ ಎರಡೂ ಕೈಯಲ್ಲಿ ಏಣಿ ಹಿಡಿದು ಕತ್ತು ಮೇಲೆತ್ತಿ ನಿಂತಿದ್ದಾರೆ. ಪಕ್ಕದಲ್ಲಿ ನಿದ್ದೆಗಣ್ಣು ಉಜ್ಜಿಕೊಳ್ಳುತ್ತಾ ನಾನು.

"ಆಯ್ತು. ಓದಿ," ಅನ್ನುತ್ತಾರೆ ಮೇಲಿನವರು.

"ದಿ. ಬೀ. ರ. ಯಾ. ಡಿ. ಗ," ಅನ್ನುತ್ತಾರೆ ಕೆಳಗಿನವರು, ಒಂದೊಂದಕ್ಕೂ ತಲೆ ಕುಣಿಸಿ.

ಈ ಯಜಮಾನರಿಗೆ ತಲೆ ನೆಟ್ಟಗಿದೆಯೇ ಎಂದು ನನಗೆ ಒಂದು ಕ್ಷಣ ಅನುಮಾನ ಬರುತ್ತದೆ. ಆಮೇಲೆ ತಿಳಿಯುತ್ತದೆ, ‘ಗಡಿಯಾರ ಬೀದಿ’ಯನ್ನು ಅವರು ಬಾಲದಿಂದ ತಲೆಗೆ ಓದಿದ್ದಾರೆ. ಈ ದಂಪತಿ ಬರೆದ ಯಾವ ಬೋರ್ಡೂ ಹೀಗೆ ಹಿಂದುಮುಂದಾಗಿ ಓದಿಸಿಕೊಳ್ಳದೆ ಮುಗಿಯುವುದಿಲ್ಲ. "ಮುಂದಿನಿಂದ ಓದಿದ್ರೆ ಕಣ್ಣು ಸುಳ್ಳು ಹೇಳುತ್ತೆ ಸಾರ್. ಅಲ್ಲಿ ಏನಿರಬೇಕೋ ಅದನ್ನ ಓದುತ್ತೆ, ಏನಿದೆಯೋ ಅದನ್ನ ಓದಲ್ಲ. ಹಿಂದಿನಿಂದ ಓದಿದ್ರೆ ಅದಕ್ಕೆ ಅರ್ಥ ಸಿಗಲ್ಲ ನೋಡಿ, ನಿಯತ್ತಾಗಿರುತ್ತೆ," ಎನ್ನುತ್ತಾ ಮೇಲಿನವರು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ.

ಇವರು ನಮ್ಮ ಪುರಸಭೆಯ ಬೋರ್ಡು ಬರೆಯುವವರು. ಕಚೇರಿಯ ಕಾವಲುಗಾರನಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಇವರು ಬೋರ್ಡಕ್ಕ. ಕಚೇರಿಯ ಆಚೆ ಇವರು ಯಾರೂ ಅಲ್ಲ. ನಾನಂತೂ ಹದಿನೆಂಟು ವರ್ಷ ಇವರು ಬರೆದದ್ದನ್ನು ಓದಿಕೊಂಡೇ ದಾರಿ ಹುಡುಕಿದ್ದೇನೆ, ಬಾಡಿಗೆ ಮನೆ ಹುಡುಕಿದ್ದೇನೆ, ಹಲ್ಲಿನ ವೈದ್ಯರನ್ನು ಹುಡುಕಿದ್ದೇನೆ. ಬರೆದ ಕೈ ಯಾರದ್ದೆಂದು ಕೇಳುವ ಬುದ್ಧಿ ಬಂದಿದ್ದು ಹೋದ ವಾರ.

ಕೇಳಲು ಕಾರಣವೂ ಇತ್ತು. ಈ ಭಾನುವಾರ ಪುರಸಭೆ ಊರಿನವರಿಗೆಲ್ಲ ಒಂದು ‘ಪರಂಪರೆಯ ನಡಿಗೆ’ ಇಟ್ಟುಕೊಂಡಿದೆ. ಹಳೆಯ ಜಾಗಗಳನ್ನು ತೋರಿಸುತ್ತಾ ಸುತ್ತಾಡಿಸುವುದು, ಒಂದೊಂದು ಜಾಗಕ್ಕೂ ಹೆಸರಿನ ಫಲಕ ಹಾಕುವುದು. ಪಟ್ಟಿಯಲ್ಲಿ ಮೂವತ್ತೆರಡು ಜಾಗಗಳಿವೆ. ಅಷ್ಟನ್ನೂ ಬರೆಯುತ್ತಿರುವ ಬೋರ್ಡಕ್ಕ ಮೂವತ್ತಮೂರನೆಯದೊಂದು ಬೇಕು ಎಂದು ಹಟ ಹಿಡಿದು ಕೂತಿದ್ದಾರಂತೆ, ನಲವತ್ತೊಂದು ವರ್ಷದಲ್ಲಿ ಅವರು ಏನನ್ನಾದರೂ ಕೇಳಿದ್ದು ಇದೇ ಮೊದಲಂತೆ. ಸುದ್ದಿ ಕೇಳಿ ಪತ್ರಿಕೆಗೆ ಬರೆಯುವ ನನ್ನ ಕಿವಿ ನೆಟ್ಟಗಾಯಿತು. ಮಂಗಳವಾರ ಹೋಗಿ ಅವರ ಬೆನ್ನು ಹತ್ತಿದೆ. ಪಟ್ಟಿ ಅಂತಿಮವಾಗುವುದು ಶುಕ್ರವಾರದ ಸಭೆಯಲ್ಲಿ.

ಏಳು ಗಂಟೆಗೆ ಪುರಸಭೆಯ ಮುಂಬಾಗಿಲ ಬಳಿ ಅವರ ಎರಡನೇ ಕೆಲಸ ಶುರುವಾಗುತ್ತದೆ. ಅಲ್ಲಿ ಆಳೆತ್ತರದ ಕಪ್ಪು ಹಲಗೆ ಇದೆ. ನಿನ್ನೆಯದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಬಳಿದ ದಾರವನ್ನು ಎರಡು ತುದಿಗೆ ಬಿಗಿದು ಮಿಡಿದರೆ ನೇರ ಗೆರೆ ಬೀಳುತ್ತದೆ. ಹನ್ನೊಂದು ಗೆರೆ, ಹನ್ನೊಂದು ಸುದ್ದಿ. ಮೇಲಿನ ಬಡಾವಣೆಗೆ ನಾಳೆ ನೀರಿಲ್ಲ. ಮಕ್ಕಳ ಲಸಿಕೆ ಬುಧವಾರ. ವಾಚನಾಲಯದ ಛಾವಣಿ ದುರಸ್ತಿ, ಓದುಗರು ಸಹಕರಿಸಬೇಕು. ಬೀದಿನಾಟಕಕ್ಕೆ ಹೆಸರು ಕೊಡುವವರು ಕೊಡಿ. ಬಸ್ ನಿಲ್ದಾಣದಲ್ಲಿ ಒಂದು ಎಡಗಾಲಿನ ಚಪ್ಪಲಿ ಸಿಕ್ಕಿದೆ.

"ಎಡಗಾಲಿಂದು ಅಂತ ಯಾಕೆ ಹಾಕ್ತೀರಿ?" ನಾನು ಕೇಳುತ್ತೇನೆ.

"ಬಲಗಾಲಿಂದು ಕಳ್ಕೊಂಡೋರು ಸುಮ್ನೆ ಬಂದು ವಾಪಸ್ ಹೋಗಬಾರದಲ್ಲ ಸಾರ್."

ಲೆಕ್ಕ ಕೇಳಿದರೆ ಯಜಮಾನರು ಮುಂದೆ ಬರುತ್ತಾರೆ. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು, ಎಣಿಸುವುದರಲ್ಲಿ ಎತ್ತಿದ ಕೈ. ಬೀದಿಯ ಬೋರ್ಡುಗಳು ಇಲ್ಲಿಯವರೆಗೆ ಸಾವಿರದ ಇನ್ನೂರ ಆರು. ಶಾಲೆ, ಆಸ್ಪತ್ರೆ, ಶೌಚಾಲಯ, ಸ್ಮಶಾನ ಸೇರಿದರೆ ಇನ್ನೂ ಮುನ್ನೂರು. ಬಿದ್ದದ್ದು ನಾಲ್ಕು ಸಲ, ಮೂಳೆ ಮುರಿದದ್ದು ಒಂದೇ ಸಲ. ಒಂದು ಬೋರ್ಡಿಗೆ ಹಿಡಿಯುವುದು ಎರಡು ದಿನ: ಮೊದಲು ತುಕ್ಕು ಹಿಡಿಯದಂಥ ಕೆಂಪು ಬಣ್ಣ, ಅದು ಒಣಗಿದ ಮೇಲೆ ನೀಲಿ, ಅದೂ ಒಣಗಿದ ಮೇಲೆ ಅಕ್ಷರ. "ನಾನು ಬಸ್ಸು ಇಳಿದ ಮೇಲೆ ಏಳು ವರ್ಷದಿಂದ ಏಣಿ ಹಿಡೀತಿದ್ದೀನಿ. ಅದಕ್ಕೆ ಮುಂಚೆ ಗೋಡೆನೇ ಹಿಡ್ಕೊಂಡಿತ್ತು," ಎನ್ನುತ್ತಾರೆ ಯಜಮಾನರು. ಬೋರ್ಡಕ್ಕ ಕೆಲಸದಿಂದ ಕಣ್ಣೆತ್ತದೆ, "ಗೋಡೆ ಮಾತಾಡ್ತಿರ್ಲಿಲ್ಲ," ಅನ್ನುತ್ತಾರೆ.

ಕಚೇರಿಯ ಹಿಂದೆ, ನೀರಿನ ಟ್ಯಾಂಕರು ನಿಲ್ಲುವ ಜಾಗದ ಪಕ್ಕ, ಅವರ ಕೋಣೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಒಂದು ಕಿಟಕಿ. ಟರ್ಪೆಂಟೈನಿನ ವಾಸನೆ ಒಳಗೆ ಕಾಲಿಟ್ಟ ಕೂಡಲೇ ಗಂಟಲಿಗೆ ಇಳಿಯುತ್ತದೆ. ಗೋಡೆಯುದ್ದಕ್ಕೂ ಪರಂಪರೆಯ ಫಲಕಗಳು ಮೂತಿ ತಿರುಗಿಸಿ ನಿಂತಿವೆ. ಬೋರ್ಡಕ್ಕ ಬರೆಯುವ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದು ಇಲ್ಲಿ. ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಬರೆದುಕೊಂಡು ಹೋಗುವುದಿಲ್ಲ ಅವರು. ಮೊದಲು ಸಾಲಿನುದ್ದಕ್ಕೂ ತಲೆಕಟ್ಟುಗಳನ್ನು ಎಳೆಯುತ್ತಾರೆ. ಆಮೇಲೆ ಅವುಗಳ ಕೆಳಗೆ ಒಂದೊಂದಕ್ಕೂ ಮೈ ಬರೆಯುತ್ತಾರೆ. ಒತ್ತು, ಕೊಂಬು ಕೊನೆಗೆ. ತುದಿಗೆ ಬಟ್ಟೆ ಸುತ್ತಿದ ಕೋಲೊಂದರ ಮೇಲೆ ಮಣಿಕಟ್ಟು ಊರಿ, ಉಸಿರು ಹಿಡಿದು ಬರೆಯುವಾಗ ಅವರು ಅದನ್ನು ಓದುತ್ತಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತದೆ.

"ಓದ್ಕೊಂಡು ಬರೆದ್ರೆ ಕೈ ಓಡುತ್ತೆ. ಅಕ್ಷರ ಒಂದು ದಪ್ಪ, ಒಂದು ಸಣ್ಣ ಆಗುತ್ತೆ," ಎಂದು ಅವರು ಹೇಳುತ್ತಾರೆ. "ಆದ್ರೆ ಈ ಚಾಳಿ ನನಗೆ ಒಂದ್ಸಲ ಚೆನ್ನಾಗಿ ಬುದ್ಧಿ ಕಲಿಸಿದೆ."

ಆ ಒಂದು ಸಲದ ಕಥೆಯೇ ಅವರ ಮೂವತ್ತಮೂರನೆಯ ಫಲಕದ ಕಥೆ.

ಈಗಿನ ಬಸ್ ನಿಲ್ದಾಣ ಇರುವಲ್ಲಿ ಇಪ್ಪತ್ತೇಳು ವರ್ಷದ ಹಿಂದೆ ಒಂದು ಓಣಿ ಇತ್ತು. ಹದಿನಾಲ್ಕು ಮನೆ, ಈ ತುದಿಯಿಂದ ಆ ತುದಿಗೆ ನೂರ ನಲವತ್ತು ಹೆಜ್ಜೆ. ಹದಿನಾಲ್ಕರಲ್ಲಿ ಹನ್ನೊಂದು ಮನೆಯವರು ಬೀಗ ಮಾಡುವವರು. ಹಾಗಾಗಿ ಅದು ಬೀಗದ ಓಣಿ. ಬೆಳಗಾದರೆ ಮನೆಮನೆಯಿಂದ ಕಬ್ಬಿಣ ಉಜ್ಜುವ ಅರದ ಸದ್ದು. ತೆವಳುವ ಮಗು ಇದ್ದ ಮನೆಗಳಲ್ಲಿ ತಾಯಂದಿರು ಕಸ ಗುಡಿಸಿದ ಮೇಲೆ ನೆಲದ ಮೇಲೆಲ್ಲ ಅಯಸ್ಕಾಂತ ಆಡಿಸುತ್ತಿದ್ದರಂತೆ, ಕಬ್ಬಿಣದ ಪುಡಿ ಮಗುವಿನ ಅಂಗೈಗೆ ಚುಚ್ಚದಿರಲಿ ಎಂದು. ಬೋರ್ಡಕ್ಕನ ತಂದೆ ಹೊಸ ಬೀಗವನ್ನು ಕಿವಿಗೆ ಹಿಡಿದು ಕೀಲಿ ತಿರುಗಿಸುತ್ತಿದ್ದರು. ಒಳಗಿನ ಸದ್ದು ಸರಿಯೆನಿಸಿದರೆ ಮಾತ್ರ ಗಿರಾಕಿಯ ಕೈಗೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆ ಮನೆಯಲ್ಲಿ ಅಕ್ಷರ ಕಲಿತ ಮೊದಲನೆಯವರು ಈ ಎರಡನೇ ಮಗಳು.

ಹತ್ತೊಂಬತ್ತನೇ ವರ್ಷಕ್ಕೆ ಪುರಸಭೆಯಲ್ಲಿ ಹಂಗಾಮಿ ಕೆಲಸ ಸಿಕ್ಕಿತು. ಊರಿನ ಓಣಿಗಳಿಗೆಲ್ಲ ಮೊದಲ ಬಾರಿ ಹೆಸರಿನ ಬೋರ್ಡು ಹಾಕಬೇಕಿತ್ತು. ಮೊದಲನೆಯದು ನಮ್ಮದೇ ಓಣಿಯದ್ದಿರಲಿ ಎಂದು ಹುಡುಗಿ ಕೇಳಿಕೊಂಡಳು, ಆಗಿನ ಇಂಜಿನಿಯರು ಒಪ್ಪಿದರು.

"ಆ ವಾರನೇ ಅಕ್ಕನ ಮದುವೆ ಗೊತ್ತಾಗಿತ್ತು. ಮನೇಲಿ ಯಾರು ಬಾಯಿ ಬಿಟ್ರೂ ಬೀಗರು. ಬೀಗರು ಬರ್ತಾರೆ ನೀರು ತುಂಬ್ಸು. ಬೀಗರು ಕೂತ್ಕೋತಾರೆ ಚಾಪೆ ಕೊಡವು. ಬೀಗರಿಗೆ ಸಕ್ಕರೆ ಕಮ್ಮಿ ಹಾಕು. ಕಿವಿ ತುಂಬಾ ಬೀಗರು ಸಾರ್! ಕೈಗೂ ಇಳಿದುಬಿಟ್ರು," ಎಂದು ಬೋರ್ಡಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ತಲೆಕಟ್ಟು ಎಳೆದೆ, ಮೈ ಬರೆದೆ, ಅದೇ ಖುಷೀಲಿ ಗೋಡೆಗೆ ಹೊಡೆಸಿದೆ. ಮಾರನೇ ದಿನ ಓಣಿ ಬಾಯಲ್ಲಿ ಅಂಚೆಯೋರು ನಿಂತ್ಕೊಂಡು ನಗ್ತಿದ್ದಾರೆ."

ಬೋರ್ಡಿನ ಮೇಲೆ ‘ಬೀಗರ ಓಣಿ’ ಎಂದಿತ್ತು.

ಒಂದು ದ ಹೋಗಿ ಒಂದು ರ ಬಂದಿತ್ತು, ಅಷ್ಟೇ. ಆದರೆ ಊರಿಗೆ ಅಷ್ಟು ಸಾಕಾಯಿತು. ದಿನಸಿ ಅಂಗಡಿಯವರು "ಬನ್ನಿ ಬೀಗರೇ, ಹೆಣ್ಣು ನಿಮ್ಮದೋ ಗಂಡು ನಿಮ್ಮದೋ?" ಅನ್ನತೊಡಗಿದರು. ಓಣಿಯವರು ಎಲ್ಲಿಗೆ ಹೋದರೂ "ಬೀಗರಿಗೆ ಕುರ್ಚಿ ಹಾಕ್ರಪ್ಪಾ" ಎಂಬ ಕೂಗು. ಈ ಯಜಮಾನರು ಮದುವೆಯಾದ ಮೇಲೆ ಡಿಪೋದಲ್ಲಿ ಪಟ್ಟ ಪಾಡು ಅವರ ಬಾಯಲ್ಲೇ ಕೇಳಬೇಕು. "ಬೀಗರ ಓಣಿ ಅಳಿಯ ಅಂದ್ರೆ ಡಬಲ್ ಮರ್ಯಾದೆ ಸಿಗ್ಬೇಕಿತ್ತು ಸಾರ್. ಸಿಕ್ಕಿದ್ದು ಈ ಏಣಿ."

ಹುಡುಗಿ ಮಾತ್ರ ನಗಲಿಲ್ಲ. ಮಾರನೇ ದಿನವೇ ಇಂಜಿನಿಯರ ಮುಂದೆ ನಿಂತು ತಿದ್ದಲು ಅಪ್ಪಣೆ ಕೇಳಿದಳು. ಅವರು "ನೋಡೋಣ" ಅಂದರು. ತಿಂಗಳಾದ ಮೇಲೆ ಮತ್ತೆ ಕೇಳಿದಾಗ "ಬಿಡಮ್ಮಾ ಅದನ್ನ" ಅಂದರು. ಆದೇಶವಿಲ್ಲದೆ ಬೋರ್ಡು ಮುಟ್ಟಿದರೆ ಹಂಗಾಮಿಯವಳ ಕೆಲಸ ಹೋಗುತ್ತಿತ್ತು. ಬೋರ್ಡು ಹಾಗೆಯೇ ಉಳಿಯಿತು.

ಇಷ್ಟು ನಗುತ್ತಲೇ ಹೇಳಿದ ಬೋರ್ಡಕ್ಕ ತಂದೆಯ ಮಾತು ಬಂದಾಗ ಕುಂಚ ಒರೆಸುತ್ತಾ ಕೂರುತ್ತಾರೆ. ಬೀಗದ ಸದ್ದಿನಲ್ಲೇ ಬದುಕು ಸವೆಸಿದ ಮನುಷ್ಯ. ಕಾರ್ಖಾನೆಯ ಬೀಗಗಳು ಬಂದು ಒಂದೊಂದೇ ಮನೆಯ ಅರ ನಿಂತಾಗಲೂ ಅವರು ಕೈಬಿಟ್ಟಿರಲಿಲ್ಲ. ಓಣಿಯ ಹೆಸರಿನಿಂದ ಅವರ ಕಸುಬನ್ನೇ ಮಗಳು ಅಳಿಸಿಹಾಕಿದ್ದಳು. "ನಾನು ಅಪ್ಪಂಗೆ ಹೇಳ್ಲಿಲ್ಲ. ಧೈರ್ಯ ಬರ್ಲಿಲ್ಲ. ಅವರೂ ಬಾಯಿಗೆ ಬೀಗ ಹಾಕ್ಕೊಂಡ್ರು. ಬೋರ್ಡಿನ ಬಗ್ಗೆ ಚೆನ್ನಾಗಿದೆ ಅಂತಾನೂ ಅನ್ಲಿಲ್ಲ, ಚೆನ್ನಾಗಿಲ್ಲ ಅಂತಾನೂ ಅನ್ಲಿಲ್ಲ. ಹನ್ನೆರಡು ವರ್ಷ ಸಾರ್. ಜನ ನಗೋದು ಅವರಿಗೂ ಕೇಳಿಸಿರುತ್ತೆ. ನನ್ನಿಂದ ತಲೆ ತಗ್ಗಿಸಿದ್ರೋ, ಗೊತ್ತೇ ಆಗ್ಲಿಲ್ವೋ. ಹಾಗೇ ಹೋಗ್ಬಿಟ್ರು."

ತಂದೆ ತೀರಿಕೊಂಡ ಎರಡು ವರ್ಷಕ್ಕೆ ನಿಲ್ದಾಣಕ್ಕಾಗಿ ಓಣಿಯೂ ಹೋಯಿತು. ಬೋರ್ಡು ಯಾವ ಗುಜರಿಯ ಪಾಲಾಯಿತೋ ತಿಳಿಯದು. ನಿಲ್ದಾಣದಲ್ಲಿ ಓಣಿಯ ಬಾಯಿ ಇದ್ದದ್ದು ಬಸ್ಸು ನಿಲ್ಲುವ ನಾಲ್ಕನೇ ಮತ್ತು ಐದನೇ ಕಟ್ಟೆಗಳ ನಡುವಿನ ಕಂಬದ ಹತ್ತಿರ. ಅಲ್ಲಿ ಒಂದು ಫಲಕ, ಅದರ ಮೇಲೆ ‘ಬೀಗದ ಓಣಿ’. ಬೋರ್ಡಕ್ಕ ಕೇಳುತ್ತಿರುವುದು ಇಷ್ಟೇ. "ಒಂದು ದ ಸಾರ್. ನಲವತ್ತೊಂದು ವರ್ಷದಿಂದ ಬಾಕಿ ಇದೆ ಅಪ್ಪಂಗೆ."

ಬುಧವಾರ ನಾವು ಮೂವರೂ ದಫ್ತರದ ಗುಮಾಸ್ತರ ಮುಂದೆ ನಿಲ್ಲುತ್ತೇವೆ. ಒಳ್ಳೆಯ ಮನುಷ್ಯ, ಆದರೆ ದಫ್ತರದಲ್ಲಿ ಇಲ್ಲದ್ದು ಅವರ ಪಾಲಿಗೆ ಲೋಕದಲ್ಲೇ ಇಲ್ಲ. ದಪ್ಪ ಪುಸ್ತಕ ತೆಗೆದು ಬೆರಳು ಇಳಿಸುತ್ತಾರೆ. "ಬೀಗದ ಓಣಿ ಅನ್ನೋದು ಇಲ್ವಲ್ಲ ಬೋರ್ಡಕ್ಕ. ಬೀಗರ ಓಣಿ ಇದೆ. ಅದು ಬೇಕಾದ್ರೆ ತಗೊಳ್ಳಿ."

"ಪುಸ್ತಕಕ್ಕೆ ಆ ಹೆಸರು ಎಲ್ಲಿಂದ ಬಂತು?" ನಾನು ಕೇಳುತ್ತೇನೆ.

"ಬೋರ್ಡುಗಳನ್ನ ನೋಡ್ಕೊಂಡು ಬಂದು ಬರೆದಿದ್ದು."

"ಬೋರ್ಡು ಯಾವುದನ್ನ ನೋಡಿ ಬರೀತಾರೆ?"

"ಈ ಪುಸ್ತಕ ನೋಡಿ," ಎಂದು ಹೇಳಿದ ಗುಮಾಸ್ತರು ತಾವೇ ಒಂದು ಗಳಿಗೆ ಯೋಚನೆಗೆ ಬೀಳುತ್ತಾರೆ.

ಇನ್ನೂ ಒಂದು ತೊಡಕಿದೆ. ಬೋರ್ಡಕ್ಕ ಕೇಳಿದ್ದು ಕಿವಿಗೆ ಬಿದ್ದು ಪರಂಪರೆ ಸಮಿತಿಯ ನಿವೃತ್ತ ಮೇಷ್ಟ್ರು ಆ ಜಾಗಕ್ಕೆ ಆಗಲೇ ಇತಿಹಾಸವನ್ನೂ ಬರೆದಿಟ್ಟಿದ್ದಾರೆ. ಪ್ರತಿ ಫಲಕದಲ್ಲೂ ಹೆಸರಿನ ಕೆಳಗೆ ಎರಡು ಸಾಲು ವಿವರ, ಸಾಲಿಗೆ ಹೆಚ್ಚೆಂದರೆ ಹದಿನಾರು ಅಕ್ಷರ. ಮೇಷ್ಟ್ರು ಬರೆದದ್ದು ಹೀಗಿದೆ: ‘ದೂರದ ಬೀಗರು ಬಂದಿಳಿಯುತ್ತಿದ್ದ ತಾಣವೆಂದು ಪ್ರತೀತಿ’. ಯಾರ ಪ್ರತೀತಿ ಎಂದು ಕೇಳಿದರೆ ಅವರು ಕನ್ನಡಕ ಸರಿಮಾಡಿಕೊಂಡು, "ಹೆಸರೇ ಹೇಳುತ್ತದಲ್ಲವೇ?" ಅನ್ನುತ್ತಾರೆ. ಹುಡುಗಿಯೊಬ್ಬಳ ಕೈ ಜಾರಿದ್ದು ಇಷ್ಟು ಚೆಂದದ ಇತಿಹಾಸವಾಗಿದ್ದನ್ನು ನೋಡಿ ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ. ಇದುವರೆಗೆ ನಾನು ಬರೆದ ಎಷ್ಟು ಪ್ರತೀತಿಗಳು ಹೀಗೆ ಹುಟ್ಟಿದವೋ ಎಂದು ಒಳಗೊಳಗೇ ಭಯವೂ ಆಗುತ್ತದೆ.

ದಾರಿ ತೋರಿಸಿದ್ದು ಮತ್ತೆ ಗುಮಾಸ್ತರೇ. ಓಣಿಯಲ್ಲಿ ಬಾಳಿದ ಇಬ್ಬರು ಹಿರಿಯರು ‘ಇದು ಬೀಗದ ಓಣಿ’ ಎಂದು ಸಹಿ ಹಾಕಿ ಕೊಟ್ಟರೆ ಪುಸ್ತಕ ತಿದ್ದಬಹುದು. ಕೇಳುವವರೇ ಸಹಿ ಹಾಕುವಂತಿಲ್ಲ. "ಅಳಿಯ ನಡೀತಾನಾ?" ಎಂದು ಯಜಮಾನರು ಕೇಳುತ್ತಾರೆ. ಅಳಿಯ ನಡೆಯುವುದಿಲ್ಲ. ಅಕ್ಕ ದೂರದ ಊರಿನಲ್ಲಿದ್ದಾರೆ, ಮಲಗಿದಲ್ಲೇ ಇದ್ದಾರೆ. ಓಣಿಯವರಲ್ಲಿ ಬೋರ್ಡಕ್ಕನಿಗೆ ವಿಳಾಸ ಗೊತ್ತಿರುವುದು ಒಬ್ಬರದೇ, ಪಕ್ಕದ ಮನೆಯಲ್ಲಿದ್ದ ಹೊಲಿಗೆಯತ್ತೆಯದು. ಇನ್ನೊಬ್ಬರು ಯಾರೆಂದು ಅವರೇ ಹೇಳಬೇಕು.

ಗುರುವಾರ ಮಧ್ಯಾಹ್ನ ಊರಿನಾಚೆಯ ಹೊಸ ಬಡಾವಣೆಯ ಎರಡನೇ ಮಹಡಿ ಹತ್ತುತ್ತೇವೆ. ಹೊಲಿಗೆಯತ್ತೆಗೆ ಎಂಬತ್ತಮೂರು. ಮಗಳ ಮನೆಯ ಬಾಲ್ಕನಿಯಲ್ಲಿ ಕೂತು, ಕನ್ನಡಕವಿಲ್ಲದೆ, ಮೊಮ್ಮಗಳ ಶಾಲೆಯ ಅಂಗಿಗೆ ಗುಂಡಿ ಹಾಕುತ್ತಿದ್ದಾರೆ. ಬೋರ್ಡಕ್ಕನನ್ನು ನೋಡಿದ ಕೂಡಲೇ, "ಬಂದೆಯಾ ಬೀಗಿತ್ತಿ!" ಅನ್ನುತ್ತಾರೆ.

"ನೀವೂ ಹಾಗೇ ಕರೀತೀರಲ್ಲ ಅತ್ತೆ," ಎಂದು ಬೋರ್ಡಕ್ಕ ಕಾಗದ ಮುಂದಿಟ್ಟು ವಿಷಯ ಹೇಳುತ್ತಾರೆ. ಅಪ್ಪನ ಕಸುಬಿನ ಹೆಸರು ಹೋಯಿತು, ಅಪ್ಪನಿಗೆ ಗೊತ್ತಾಯಿತೋ ಇಲ್ಲವೋ ಅದೂ ತಿಳಿಯದು, ಈಗಲಾದರೂ ಸರಿಮಾಡೋಣ, ಇಲ್ಲೊಂದು ಸಹಿ ಹಾಕಿ.

ಅತ್ತೆ ಸೂಜಿಯನ್ನು ಅಂಗಿಗೇ ಚುಚ್ಚಿಟ್ಟು ಕಾಗದವನ್ನು ಪಕ್ಕಕ್ಕೆ ಸರಿಸುತ್ತಾರೆ. "ಯಾರೇ ನಿಂಗೆ ಹೇಳಿದ್ದು, ನಿಮ್ಮಪ್ಪಂಗೆ ಗೊತ್ತಿರ್ಲಿಲ್ಲ ಅಂತ? ಮೊದಲನೇ ದಿನಾನೇ ಗೊತ್ತಾಯ್ತು. ದಿನಾ ಸಾಯಂಕಾಲ ಕೈ ತೊಳ್ಕೊಂಡು ಓಣಿ ಬಾಯಿಗೆ ಹೋಗಿ ನಿಲ್ತಿದ್ರು. ಅಕ್ಷರ ಬಲ್ಲೋರು ಯಾರಾದ್ರೂ ಕಂಡ್ರೆ ಹಿಡ್ಕೊಂಡು, ‘ಏನು ಬರ್ದಿದೆ, ಒಂಚೂರು ಓದಿ’ ಅನ್ನೋರು. ಅವರು ‘ಬೀಗರ ಓಣಿ’ ಅಂತ ಓದೋರು. ‘ನನ್ನ ಮಗಳು ಬರೆದಿದ್ದು’ ಅನ್ನೋರು ಇವರು. ದಿನಾ ಇದೇ ಕೆಲಸ."

ಬೋರ್ಡಕ್ಕ ಅತ್ತೆಯ ಹತ್ತಿರಕ್ಕೆ ಸರಿದು ಕೂರುತ್ತಾರೆ.

"ಒಂದಿನ ಆ ನಿಮ್ಮ ಇಂಜಿನಿಯರು ಯಾರನ್ನೋ ಕರ್ಕೊಂಡು, ಬಣ್ಣದ ಡಬ್ಬ ಹಿಡ್ಕೊಂಡು ಬಂದ. ತಪ್ಪಾಗಿದೆ, ತಿದ್ದಬೇಕು ಅಂದ. ನಿಮ್ಮಪ್ಪ ಹೋಗಿ ಗೋಡೆಗೆ ಅಡ್ಡ ನಿಂತ್ರು. ‘ನಮ್ಮ ಮನೇಲಿ ಹುಟ್ಟಿದ ಮೊದಲನೇ ಅಕ್ಷರ ಸ್ವಾಮಿ ಇದು. ಅಳಿಸಬೇಡಿ. ಬೇಕಾದ್ರೆ ಓಣಿ ಹೆಸರು ಬದಲಾಯ್ಸಿಕೊಳ್ಳಿ’ ಅಂದ್ರು. ಓಣಿಯೋರೆಲ್ಲ ಹೂಂ ಅಂದ್ವಿ. ನಮಗೇನೇ, ಹೆಸರಲ್ಲಿ ಏನಿದೆ? ಬೀಗ ಮಾಡ್ತಿದ್ದಾಗ ಊರು ನಮ್ಮನ್ನ ಕಣ್ಣೆತ್ತಿ ನೋಡ್ತಿರ್ಲಿಲ್ಲ. ನೀನು ಬರೆದ ಮೇಲೆ ನಕ್ಕಾದ್ರೂ ಮಾತಾಡಿಸ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಅತ್ತೆ, ಅಪ್ಪ?" ಬೋರ್ಡಕ್ಕನ ದನಿ ಹತ್ತೊಂಬತ್ತರ ಹುಡುಗಿಯದಾಗಿದೆ.

"ಹೇಳಿದ್ರೆ ನೀನು ತಪ್ಪು ಬರೆದಿದ್ದೀಯ ಅಂತ ಹೇಳಿದ ಹಾಗಾಗಲ್ವೇನೇ? ನಿಂಗಿನ್ನೂ ಗೊತ್ತಿಲ್ಲ ಅಂದ್ಕೊಂಡಿದ್ರು ಅವರು. ‘ಅವಳ ಮುಂದೆ ಯಾರೂ ಎತ್ತಬೇಡಿ, ನೊಂದ್ಕೋತಾಳೆ’ ಅಂತ ನಮಗೆಲ್ಲ ಆಣೆ ಹಾಕಿಸಿದ್ರು. ಊರು ನಗೋದನ್ನ ನಾವು ನಿಲ್ಸಕ್ಕಾಗುತ್ತಾ? ಓಣಿ ಒಳಗೆ ಮಾತ್ರ ಯಾರೂ ನಗ್ಲಿಲ್ಲ. ನೆನಪು ಮಾಡ್ಕೋ."

ಅತ್ತೆ ಸಹಿ ಹಾಕುವುದಿಲ್ಲ. ನಿಮ್ಮಪ್ಪ ಬೇಡ ಅಂದಿದ್ದನ್ನು ನಾನು ಹ್ಯಾಗೆ ಮಾಡಲಿ ಅನ್ನುತ್ತಾರೆ. ಇನ್ನೊಬ್ಬರ ವಿಳಾಸವನ್ನು ನಾವೂ ಕೇಳುವುದಿಲ್ಲ. ಚಹಾ ಕುಡಿದು ಎದ್ದು ಬರುವಾಗ ಮೊದಲ ಮಹಡಿಯ ಮೆಟ್ಟಿಲ ಮೇಲೆ ಬೋರ್ಡಕ್ಕ ಕೂರುತ್ತಾರೆ. ಯಜಮಾನರು ಒಂದು ಮೆಟ್ಟಿಲು ಕೆಳಗೆ ಕೂತು ಅವರ ಕೈಚೀಲ ಹಿಡಿದುಕೊಳ್ಳುತ್ತಾರೆ.

"ಅವರು ನಂಗೆ ಗೊತ್ತಿಲ್ಲ ಅಂದ್ಕೊಂಡ್ರು. ನಾನು ಅವರಿಗೆ ಗೊತ್ತಿಲ್ಲ ಅಂದ್ಕೊಂಡೆ. ಇಬ್ರೂ ಒಂದೇ ಬೋರ್ಡಿನ ಕೆಳಗೆ ಓಡಾಡ್ತಿದ್ವಿ," ಎಂದು ಬೋರ್ಡಕ್ಕ ಹೇಳುತ್ತಾರೆ. "ಒಂದೇ ಒಂದು ಮಾತು ಆಡಿದ್ರೆ ಇಬ್ರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕುಬಿಡ್ತಿದ್ವಿ ಸಾರ್. ಅಪ್ಪ ನಗೋದು ನೋಡ್ಬೇಕು ನಂಗೆ. ಈಗ, ಈ ಮೆಟ್ಟಿಲ ಮೇಲೆ, ಒಂದೇ ಒಂದ್ಸಲ."

ನನ್ನ ಕೈಯಲ್ಲಿದ್ದ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆ.

ಶುಕ್ರವಾರದ ಸಭೆಯಲ್ಲಿ ಬೋರ್ಡಕ್ಕ ಬಾಗಿಲ ಬಳಿ ನಿಂತಿದ್ದಾರೆ. ಆ ಬಾಗಿಲ ಮೇಲಿನ ‘ಸಭಾಂಗಣ’ ಎಂಬ ಬೋರ್ಡು ಬರೆದದ್ದು ಅವರೇ ಆದರೂ, ಸಭೆ ನಡೆಯುವಾಗ ಒಳಗೆ ಬಂದಿದ್ದು ಇದೇ ಮೊದಲು. ಅವರ ಸರದಿ ಬಂದಾಗ ಗುಮಾಸ್ತರು ಎದ್ದು, ಸಹಿಗಳು ಬಂದಿಲ್ಲ, ಹೆಸರು ತಿದ್ದಲಾಗದು ಅನ್ನುತ್ತಾರೆ.

"ಹೆಸರು ತಿದ್ದೋದು ಬೇಡ ಸಾರ್. ಬೀಗರ ಓಣಿ ಅಂತಾನೇ ಇರ್ಲಿ," ಅನ್ನುತ್ತಾರೆ ಬೋರ್ಡಕ್ಕ. ಯಜಮಾನರೂ ನಾನೂ ಮುಖ ಮುಖ ನೋಡಿಕೊಳ್ಳುತ್ತೇವೆ. "ಕೆಳಗಿನ ಎರಡು ಸಾಲು ಮಾತ್ರ ನಾನು ಬರ್ಕೊಂಡು ಬಂದಿದ್ದೀನಿ."

ಸೀಮೆಸುಣ್ಣದಲ್ಲಿ ತಗಡಿನ ಚೂರಿನ ಮೇಲೆ ಬರೆದದ್ದನ್ನು ಅವರು ಎತ್ತಿ ಹಿಡಿಯುತ್ತಾರೆ.

ಇದು ಬೀಗ ಮಾಡುವವರ ಓಣಿ.
ದ ಬದಲು ರ ಬರೆದವಳು ಅವರ ಮಗಳು.

ಸಭೆಯಲ್ಲಿ ಮೊದಲು ನಗು, ಆಮೇಲೆ ಗುಜುಗುಜು. ಮೇಷ್ಟ್ರು ಮೂಗು ಮುರಿಯುತ್ತಾರೆ. ಮೂರು ದಿನ ಕೂತು ಬರೆದ ತಮ್ಮ ಇತಿಹಾಸ ಹೋಯಿತೆಂಬ ಸಂಕಟ ಅವರಿಗೆ. "ಪರಂಪರೆಯ ಫಲಕದಲ್ಲಿ ತಪ್ಪೊಪ್ಪಿಗೆ ಬರೆಯುವುದುಂಟೇ? ಜನ ಏನಂದಾರು?"

"ನಗ್ತಾರೆ ಮೇಷ್ಟ್ರೇ. ಆಗ್ಲೂ ನಕ್ಕಿದ್ರು," ಅನ್ನುತ್ತಾರೆ ಬೋರ್ಡಕ್ಕ. "ತಪ್ಪು ನಂದು. ಅದನ್ನ ದೂರದಿಂದ ಬಂದ ಬೀಗರ ತಲೆಗೆ ಕಟ್ಟೋದು ಬೇಡ. ನಾನು ಬರೆದ ಒಂದೂವರೆ ಸಾವಿರ ಬೋರ್ಡಲ್ಲಿ ಒಂದರಲ್ಲೂ ನನ್ನ ಸುದ್ದಿ ಇಲ್ಲ. ಇದೊಂದರಲ್ಲಿ ಇರ್ಲಿ ಅಂತ ನಮ್ಮಪ್ಪ ಹೇಳಿದ್ದಾರೆ. ನಂಗೆ ನಿನ್ನೆ ಗೊತ್ತಾಯ್ತು."

ಅಧ್ಯಕ್ಷರು ಗುಮಾಸ್ತರ ಮುಖ ನೋಡುತ್ತಾರೆ. ಗುಮಾಸ್ತರು ಬೆರಳು ಮಡಚಿ ಅಕ್ಷರ ಎಣಿಸುತ್ತಾರೆ. ಮೊದಲ ಸಾಲಿಗೆ ಹನ್ನೊಂದು, ಎರಡನೆಯದಕ್ಕೆ ಸರಿಯಾಗಿ ಹದಿನಾರು. "ಹೆಸರು ದಫ್ತರದಲ್ಲಿ ಇರೋ ಹಾಗೇ ಇದೆ, ಅಕ್ಷರ ಹದಿನಾರು ದಾಟಿಲ್ಲ. ನನ್ನ ತಕರಾರೇನೂ ಇಲ್ಲ," ಅನ್ನುತ್ತಾರೆ. ಹೊರಗೆ ಬಂದ ಮೇಲೆ ಮೇಷ್ಟ್ರು ಬೋರ್ಡಕ್ಕನನ್ನು ತಡೆದು ನಿಲ್ಲಿಸಿ, ಆ ಹನ್ನೊಂದು ಮನೆಗಳ ವಿವರ ಒಮ್ಮೆ ಕೂತು ಹೇಳುತ್ತೀರಾ ಎಂದು ಮೆಲ್ಲಗೆ ಕೇಳಿದ್ದನ್ನೂ ಇಲ್ಲಿ ದಾಖಲಿಸಬೇಕು.

ಶನಿವಾರ ಬೆಳಗಿನ ಜಾವ ಬಸ್ ನಿಲ್ದಾಣ. ನಾಲ್ಕನೇ ಕಟ್ಟೆಯಲ್ಲಿ ಮೊದಲ ಬಸ್ಸು ಇಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ಉಳಿದ ಮೂವತ್ತೆರಡು ಫಲಕಗಳನ್ನು ಕೋಣೆಯಲ್ಲೇ ಬರೆದದ್ದು. ಇದೊಂದನ್ನು ಬೋರ್ಡಕ್ಕ ಮೊದಲೇ ನೀಲಿ ಬಳಿದಿಟ್ಟ ಖಾಲಿ ತಗಡಾಗಿ ಕಂಬಕ್ಕೆ ಹೊಡೆಸಿ, ನಿಂತಲ್ಲೇ ಬರೆಯುತ್ತಿದ್ದಾರೆ. ಕಣ್ಣಿನ ಮಟ್ಟದಲ್ಲೇ ಇದೆ, ಏಣಿ ಬೇಕಿಲ್ಲ. ಕೈಗೆ ಕೆಲಸವಿಲ್ಲದೆ ಯಜಮಾನರು ಅತ್ತಿತ್ತ ಅಡ್ಡಾಡುತ್ತಾರೆ. ತಲೆಕಟ್ಟುಗಳು ಬಿದ್ದವು, ಮೈಗಳು ಬರತೊಡಗಿದವು. ‘ಬೀಗ’ ಆದ ಮೇಲೆ ಕುಂಚ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಅವರು ಬೇಕೆಂದೇ, ನಿಧಾನವಾಗಿ, ರ ಬರೆಯುತ್ತಾರೆ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ, ನಮ್ಮ ಕಸುಬಿನವರು ಕೊನೆಗೆ ಕೇಳುವ ಪ್ರಶ್ನೆ ಅದು. ಅವರು ಉತ್ತರ ಕೊಡುವ ಮೊದಲೇ, ಬಸ್ಸಿಗೆ ಬಂದ ಹೆಂಗಸೊಬ್ಬರು ಎರಡು ಚೀಲ ಕೆಳಗಿಟ್ಟು ಫಲಕದ ಮುಂದೆ ನಿಲ್ಲುತ್ತಾರೆ. ಬಣ್ಣ ಇನ್ನೂ ಹಸಿಯಿದೆ. ಅವರು ಮೊದಲಿನಿಂದ ಕೊನೆಯವರೆಗೂ ಜೋರಾಗಿ ಓದುತ್ತಾರೆ, ಅರ್ಥವಾದ ಮೇಲೆ ಬಾಯಿತುಂಬಾ ನಗುತ್ತಾರೆ.

"ಯಾರಮ್ಮಾ ಇದು, ಈ ಮಗಳು?"

ಬೋರ್ಡಕ್ಕ ಕುಂಚವನ್ನು ಡಬ್ಬದ ಅಂಚಿಗೆ ಒರೆಸಿ ಅವರ ಕಡೆ ತಿರುಗುತ್ತಾರೆ.

"ನಾನೇ ಕಣಮ್ಮ. ಬೀಗರ ಓಣಿಯವಳು."